ಸತ್ತವನ ಬೆನ್ನಿನ ಕೊಕ್ಕೆ

ದರ್ಜಿಯಮ್ಮ ನಮ್ಮ ಮನೆ ಬಾಗಿಲಿಗೆ ಬಂದಾಗ ಅವಳ ನಡುಬೆರಳಲ್ಲಿ ಸೂಜಿ ಚುಚ್ಚದಿರಲೆಂದು ಹಾಕುವ ಅಂಗುಸ್ತಾನ ಹಾಗೇ ಇತ್ತು. ಹೊಲಿಯುತ್ತಿದ್ದವಳು ನಡುವೆ ಎದ್ದು ಬಂದಿದ್ದಳು. ಕೂರು ಎಂದರೆ ಕೂರಲಿಲ್ಲ. ನಾನು ಕೊಟ್ಟ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ನಿಂತಳು.

“ಅತ್ತಿಗೆಯವರೇ, ದೊಡ್ಡ ಮೇಷ್ಟ್ರನ್ನ ನಾನೇ ಕೊಂದೆ ಅಂತಾರೆ. ಸಾಯಂಕಾಲ ಬಂದು ಕರ್ಕೊಂಡು ಹೋಗ್ತಾರಂತೆ.”

ಅತ್ತಿಗೆ ಕನ್ನಡಕ ತೆಗೆದು ಅವಳ ಮುಖ ನೋಡಿದರು. “ಕೊಂದ್ಯಾ?”

“ಇಲ್ಲ.”

“ಹಾಗಾದ್ರೆ ಮೊದಲು ನೀರು ಕುಡಿ.”

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೆ ಗುಡ್ಡದ ಬುಡದ ಆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಅವರು ಮೂವತ್ತೊಂದು ವರ್ಷ ಭೂತಗನ್ನಡಿ ಹಿಡಿದು ಕೂತವರು. ನಿವೃತ್ತಿಯಾದ ಮೇಲೂ ತಲೆ ಕೆರೆದುಕೊಳ್ಳುವಂಥ ಕೇಸು ಬಂದರೆ ಇನ್ಸ್‌ಪೆಕ್ಟರು ನಮ್ಮ ಜಗಲಿಗೇ ಬರುತ್ತಿದ್ದರು. ನಾನು ಕಾಲೇಜಿನಲ್ಲಿ ಓದಿದ್ದು ಸಸ್ಯಶಾಸ್ತ್ರ. ಅದು ಉಪಯೋಗಕ್ಕೆ ಬಂದದ್ದು ಹಿತ್ತಲ ಗುಲಾಬಿಗೆ ಮಾತ್ರ. ಅತ್ತಿಗೆಯ ಕೇಸುಗಳನ್ನು ಬರೆದಿಡುವುದು ನನ್ನ ಪಾಲಿಗೆ ಬಂದ ಕೆಲಸ.

ನಮ್ಮ ಗುಡ್ಡದಿಂದ ಜನ ಹಾರುತ್ತಿದ್ದರು. ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಿಗಿದ ದೊಡ್ಡ ಬಟ್ಟೆಯ ರೆಕ್ಕೆ, ಅದರಡಿಯಲ್ಲಿ ಬೆಲ್ಟುಗಳ ಜೋಲಿಯೊಳಗೆ ಬೋರಲು ತೂಗುವ ಮನುಷ್ಯ. ಹ್ಯಾಂಗ್ ಗ್ಲೈಡರ್ ಎನ್ನುತ್ತಾರೆ. ಮನುಷ್ಯನನ್ನು ರೆಕ್ಕೆಗೆ ಸೇರಿಸುವುದು ಜೋಲಿಯ ಬೆನ್ನಲ್ಲಿರುವ ಒಂದೇ ಒಂದು ಉಕ್ಕಿನ ಕೊಕ್ಕೆ. ಅದನ್ನು ರೆಕ್ಕೆಯ ಪಟ್ಟಿಗೆ ಸಿಕ್ಕಿಸಿ, ಬಾಯಿ ಮುಚ್ಚಿ, ಮೇಲೊಂದು ತಿರುಪು ಬಿಗಿಯುತ್ತಾರೆ. ಎದುರುಗಾಳಿಗೆ ಓಡಿದರೆ ಮಾತ್ರ ರೆಕ್ಕೆ ಏಳುತ್ತದೆ. ಬೆನ್ನಿಗೆ ಗಾಳಿ ಇದ್ದರೆ ಕಲಿತವರು ಯಾರೂ ಓಡುವುದಿಲ್ಲ. ವಸಂತದಲ್ಲಿ ಬೆಳಿಗ್ಗೆ ಗಾಳಿ ಪೂರ್ವದಿಂದ ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ತಿರುಗಿ ಪಶ್ಚಿಮದಿಂದ. ಅದಕ್ಕೆಂದೇ ಗುಡ್ಡದ ನೆತ್ತಿಯಲ್ಲಿ ಎರಡು ಕಡೆ ಹಲಗೆಯ ಇಳಿಜಾರು ಕಟ್ಟಿದ್ದರು. ರೆಕ್ಕೆಗಳನ್ನಿಡುವ ಶೆಡ್ಡು ಪೂರ್ವದ ಹಲಗೆಯ ಪಕ್ಕದಲ್ಲಿತ್ತು. ಪಶ್ಚಿಮದ ಹಲಗೆಗೆ ಅಲ್ಲಿಂದ ಮುನ್ನೂರು ಹೆಜ್ಜೆ.

ಹಾರುವುದನ್ನು ಕಲಿಸುತ್ತಿದ್ದವರು ಅಣ್ಣ ತಮ್ಮ ಇಬ್ಬರು, ದೊಡ್ಡ ಮೇಷ್ಟ್ರು ಮತ್ತು ಚಿಕ್ಕ ಮೇಷ್ಟ್ರು. ಅವರ ರೆಕ್ಕೆಗಳನ್ನೆಲ್ಲ ಹೊಲಿಯುತ್ತಿದ್ದವಳು ದರ್ಜಿಯಮ್ಮ. ಹಿಂದಿನ ವಸಂತದಲ್ಲಿ ಅವಳ ಹತ್ತೊಂಬತ್ತು ವರ್ಷದ ಮಗಳು ಚಿಕ್ಕ ಮೇಷ್ಟ್ರ ಜೊತೆ ಒಂದೇ ರೆಕ್ಕೆಯಲ್ಲಿ ಹಾರಿ, ನಡು ಆಕಾಶದಿಂದ ಕೆಳಗೆ ಬಿದ್ದು ಸತ್ತಿದ್ದಳು. ಹುಡುಗಿ ಹೆದರಿ ಕೈ ಹಿಂದೆ ಹಾಕಿ ತಾನೇ ಕೊಕ್ಕೆ ಬಿಚ್ಚಿಕೊಂಡಳು ಎಂದು ಚಿಕ್ಕ ಮೇಷ್ಟ್ರು ಹೇಳಿದರು. ವಿಚಾರಣೆಯಲ್ಲೂ ಹಾಗೇ ಬರೆದರು. ಅಂದಿನಿಂದ ಚಿಕ್ಕ ಮೇಷ್ಟ್ರು ಯಾರನ್ನು ಹತ್ತಿಸಿದರೂ ತಿರುಪಿನ ಮೇಲೆ ಎರಡು ಸುತ್ತು ಕೆಂಪು ಟೇಪು ಸುತ್ತುತ್ತಿದ್ದರು. ದರ್ಜಿಯಮ್ಮ ನಮ್ಮಲ್ಲಿಗೆ ಬಂದ ಆ ತಿಂಗಳ ಮೊದಲಲ್ಲಿ ನನ್ನನ್ನೂ ಹಾರಿಸುತ್ತೇನೆಂದು ಕರೆದೊಯ್ದಿದ್ದರು. ಗಾಳಿ ತಿರುಗಿ ಹಾರಾಟ ನಿಂತುಹೋಯಿತು. ಆದರೆ ಅವರು ನನ್ನ ಬೆನ್ನಹಿಂದೆ ಟೇಪು ಸುತ್ತಿ, ತುದಿಯನ್ನು ಒಳಕ್ಕೆ ಮಡಚಿ ಹೆಬ್ಬೆರಳಿಂದ ಒತ್ತಿದ್ದು ನನಗೆ ಗೊತ್ತಾಗಿತ್ತು. ಎಷ್ಟು ಜೋಪಾನ ಎಂದುಕೊಂಡಿದ್ದೆ. ಪಕ್ಕದಲ್ಲಿದ್ದ ದೊಡ್ಡ ಮೇಷ್ಟ್ರು ನಕ್ಕು, ತಮಗದು ಬೇಡವೇ ಬೇಡ, ಸುತ್ತಿಸಿಕೊಂಡರೆ ಬಿಚ್ಚೋಕೆ ಇನ್ನೊಬ್ಬರನ್ನ ಕರೀಬೇಕು ಎಂದಿದ್ದರು.

ದರ್ಜಿಯಮ್ಮ ಬರುವ ಹಿಂದಿನ ದಿನ ಮಧ್ಯಾಹ್ನ ಆ ದೊಡ್ಡ ಮೇಷ್ಟ್ರ ಹೆಣ ಪೂರ್ವದ ಹಲಗೆಯ ಕೆಳಗೆ ಬಂಡೆಗಳ ನಡುವೆ ಸಿಕ್ಕಿತ್ತು. ಮುರಿದ ರೆಕ್ಕೆ ಮೇಲೆ ಕವುಚಿಕೊಂಡಿತ್ತು. ನೋಡಿದವನು ಜೀಪಣ್ಣ, ಶಾಲೆಯ ಜೀಪು ಓಡಿಸುವವನು. ರೆಕ್ಕೆಯ ಎಡಭಾಗದ ಹೊಲಿಗೆ ಉದ್ದಕ್ಕೂ ಬಿಚ್ಚಿಹೋಗಿತ್ತು. ದಾರದ ತುದಿಗಳು ಹರಿದ ಹಾಗಿರಲಿಲ್ಲ, ಬ್ಲೇಡಿನಿಂದ ಕೊಯ್ದ ಹಾಗಿದ್ದವು. ಎರಡು ದಿನದ ಹಿಂದೆ ಅದೇ ರೆಕ್ಕೆ ದರ್ಜಿಯಮ್ಮನ ಮೇಜಿನ ಮೇಲಿತ್ತು. ಮಗಳನ್ನು ಕಳೆದುಕೊಂಡವಳು, ಹೊಲಿಯುವವಳು, ಬ್ಲೇಡು ಇರುವವಳು. ಇನ್ಸ್‌ಪೆಕ್ಟರಿಗೆ ಬೇರೆ ಏನು ಬೇಕು?

“ಅವರ ಮೇಲೆ ನಂಗೆ ಸಿಟ್ಟಿರಲಿಲ್ಲ,” ಎಂದಳು ದರ್ಜಿಯಮ್ಮ. “ಮೊನ್ನೆ ಸಂಜೆ ಬಂದಿದ್ರು. ಅರ್ಧ ಗಂಟೆ ಸುಮ್ನೆ ಕೂತ್ರು. ನನ್ನ ಕಣ್ಣು ಮಂಜು ಅಂತ ಆರು ಸೂಜಿಗೆ ದಾರ ಪೋಣಿಸಿ ಕೊಟ್ರು. ನಾಳೆ ಮಧ್ಯಾಹ್ನ ಬರ್ತೀನಿ, ನಿಮ್ಮ ಮಗಳ ವಿಷಯ ಒಂದು ಹೇಳೋದಿದೆ, ಮೊದಲು ತಮ್ಮನ ಹತ್ರ ಮಾತಾಡ್ಬೇಕು ಅಂದ್ರು. ಏನು ಹೇಳೋದಿತ್ತೋ. ನಂಗೆ ಅದು ಗೊತ್ತಾಗ್ಬೇಕು. ಜೈಲಾದ್ರೆ ಆಗ್ಲಿ, ಅದೊಂದು ಗೊತ್ತಾಗ್ಬೇಕು,” ಎಂದಳು.

ಅತ್ತಿಗೆ ಚಪ್ಪಲಿ ಹುಡುಕತೊಡಗಿದರು.

ಇನ್ಸ್‌ಪೆಕ್ಟರು ನಮ್ಮನ್ನು ಮೊದಲು ಆಸ್ಪತ್ರೆಗೆ ಕರೆದೊಯ್ದರು. ನಾನು ಬಾಗಿಲಲ್ಲೇ ನಿಲ್ಲುತ್ತೇನೆ ಎಂದುಕೊಂಡಿದ್ದೆ, ಆಗಲಿಲ್ಲ. ದೊಡ್ಡ ಮೇಷ್ಟ್ರ ಎರಡೂ ಕಾಲು ಮೊಣಕಾಲಿನ ಕೆಳಗೆ ಮುರಿದು, ಒಂದು ಮೂಳೆ ಚರ್ಮ ಸೀಳಿಕೊಂಡು ಹೊರಬಂದಿತ್ತು. ತಲೆಯ ಹಿಂಭಾಗ ಒಡೆದ ತೆಂಗಿನಚಿಪ್ಪಿನ ಹಾಗೆ ಒಳಕ್ಕೆ ಕುಸಿದಿತ್ತು. ಒಂದಲ್ಲ, ಮೂರು ಪೆಟ್ಟು ಎಂದರು ಡಾಕ್ಟರು. ಬಂಡೆಗೆ ಬಡಿದು ಉರುಳಿದರೆ ಹಾಗಾಗಬಹುದು ಎಂದೂ ಸೇರಿಸಿದರು.

ಹೆಣದ ತಲೆಯಿಂದ ತೆಗೆದಿಟ್ಟಿದ್ದ ಹೆಲ್ಮೆಟ್ಟನ್ನು ಅತ್ತಿಗೆ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಹೊರಗೆ ಒಂದು ಗೀರೂ ಇರಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿ ಬಟ್ಟೆಯ ಅಸ್ತರಿಗೆ ಕೂದಲು ಅಂಟಿಕೊಂಡಿತ್ತು. ಅವರು ಅದನ್ನು ನನ್ನ ಮುಂದೆ ಹಿಡಿದರು. ನಾನು ನೋಡಿ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೆ ಕಂಡದ್ದು ರಕ್ತ ಮಾತ್ರ.

ಹೆಣ ಬಿಡಿಸುವಾಗ ರೆಕ್ಕೆಯ ಪಟ್ಟಿಯನ್ನು ಕತ್ತರಿಸಿದ್ದರಂತೆ, ಹಾಗಾಗಿ ಕೊಕ್ಕೆ ಪಟ್ಟಿಯ ತುಂಡಿನ ಸಮೇತ ಜೋಲಿಯಲ್ಲೇ ಇತ್ತು. ತಿರುಪು ಬಿಗಿಯಾಗಿತ್ತು. ಅದರ ಮೇಲೆ ಎರಡು ಸುತ್ತು ಹೊಸ ಕೆಂಪು ಟೇಪು. ಅತ್ತಿಗೆ ಡಾಕ್ಟರ ಹತ್ತಿರ ಸಣ್ಣ ಕತ್ತರಿ ಬೇಡಿ, ಟೇಪನ್ನು ಒಂದು ಕಡೆ ಕತ್ತರಿಸಿ, ಚಿಮುಟದಲ್ಲಿ ಬಿಡಿಸಿ, ಅಂಟಿನ ಕಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ತಮ್ಮ ಮಾತ್ರೆಯ ಡಬ್ಬಿಯಲ್ಲಿ ಮಲಗಿಸಿದರು.

ಮೇಜಿನ ತುದಿಯಲ್ಲಿ ರಕ್ತವಾದ ಅಂಗಿಯೊಂದಿತ್ತು. ಜೀಪಣ್ಣನದು, ಅವನ ಮೇಲೂ ತಮಗೆ ಅನುಮಾನವಿದೆ ಎಂದರು ಇನ್ಸ್‌ಪೆಕ್ಟರು. ಕುಡಿದು ಜೀಪು ಓಡಿಸಿದನೆಂದು ವಾರದ ಹಿಂದೆ ದೊಡ್ಡ ಮೇಷ್ಟ್ರು ಅವನಿಗೆ ಎಲ್ಲರೆದುರು ಕಪಾಳಕ್ಕೆ ಹೊಡೆದಿದ್ದರು, ಅವನೂ ಕೈ ಎತ್ತಿದ್ದ. ಅಂಗಿಗೆ ರಕ್ತ ಹೇಗೆ ಬಂತು ಎಂದು ನಾನು ಕೇಳಿದೆ. “ಮುಖಕ್ಕೆ ನೊಣ ಕೂರ್ತಿತ್ತಂತೆ. ಅಂಗಿ ಬಿಚ್ಚಿ ಮುಚ್ಚಿದ್ನಂತೆ,” ಎಂದರು ಇನ್ಸ್‌ಪೆಕ್ಟರು, ನಂಬದವರ ದನಿಯಲ್ಲಿ. ನಾನು ನಂಬಿದೆ. ಹೆಣ ಸಿಕ್ಕಮೇಲೆ ಬನಿಯನ್ನಿನಲ್ಲೇ ಬಿಸಿಲಲ್ಲಿ ಒಂದು ಗಂಟೆ ಕಾವಲು ನಿಂತಿದ್ದನಂತೆ ಅವನು.

ಗುಡ್ಡದ ಬುಡದಲ್ಲಿ ರೆಕ್ಕೆ ಇನ್ನೂ ಬಿದ್ದಲ್ಲೇ ಇತ್ತು. ಅತ್ತಿಗೆ ಕತ್ತೆತ್ತಿ ಮೇಲಿನ ಹಲಗೆಯನ್ನು ನೋಡಿದರು, ಕಾಲಬುಡದ ಬಂಡೆಯನ್ನು ನೋಡಿದರು. ಮೇಲಿಂದ ಒಂದು ಕಲ್ಲು ಜಾರಿದರೂ ಅಲ್ಲಿಗೇ ಬೀಳುತ್ತಿತ್ತು. ನೆತ್ತಿಯ ಶೆಡ್ಡಿನಲ್ಲಿ ಗೋಡೆಗೆ ಒರಗಿಸಿದ ಬಿಡಿ ಕೊಳವೆಗಳ ಮೇಲೆ ಬೆರಳು ಎಳೆದರು. ಎಲ್ಲದರ ಮೇಲೂ ಧೂಳು. ಒಂದು ಮಾತ್ರ ಈಗ ತೊಳೆದಿಟ್ಟಂತೆ ಹೊಳೆಯುತ್ತಿತ್ತು, ನಡುವೆ ಚೂರು ಬಾಗಿತ್ತು.

“ನಿನ್ನೆ ನೀನು ಹಾಸಿಗೆ ಹೊದಿಕೆ ಒಗೆದು ಹಾಕಿದ್ದೆ ಅಲ್ವೇನೇ?” ಎಂದು ಕೇಳಿದರು ನನ್ನನ್ನು.

ಹಾಕಿದ್ದೆ. ಎಂಟೂವರೆಗೆ ಒಣಹಾಕಿದಾಗ ಎಲೆ ಅಲುಗುತ್ತಿರಲಿಲ್ಲ. ಒಂಬತ್ತೂವರೆಗೆ ಗಾಳಿ ಎದ್ದು, ಹೊದಿಕೆಗಳೆಲ್ಲ ಪೂರ್ವದ ಕಡೆಯ ಗುಲಾಬಿ ಮುಳ್ಳಿಗೆ ಹಾರಿ ಸಿಕ್ಕಿಕೊಂಡು ಎರಡು ಹರಿದುಹೋದವು. ವಾರವಿಡೀ ಬೆಳಿಗ್ಗೆ ಅವು ಮನೆಗೋಡೆಯ ಕಡೆ ಹಾರುತ್ತಿದ್ದವು. ಆವತ್ತು ಮಾತ್ರ ಸಂಜೆವರೆಗೂ ಗುಲಾಬಿಯ ಕಡೆಗೇ. ನಾನು ಅದಕ್ಕಾಗಿ ಗಾಳಿಯನ್ನು ಬೈದಿದ್ದೆ ಕೂಡ.

ಅತ್ತಿಗೆ ಇನ್ಸ್‌ಪೆಕ್ಟರಿಗೆ ಎರಡು ಕೆಲಸ ಹೇಳಿದರು: ಹಿಂದಿನ ವರ್ಷ ಸತ್ತ ಹುಡುಗಿಯ ಫೈಲು ತರಬೇಕು, ನಾಲ್ಕು ಗಂಟೆಗೆ ಎಲ್ಲರನ್ನೂ ದರ್ಜಿಯಮ್ಮನ ಅಂಗಡಿಯಲ್ಲಿ ಸೇರಿಸಬೇಕು.

ನಾವು ಮನೆಗೆ ಬಂದಾಗ ಚಿಕ್ಕ ಮೇಷ್ಟ್ರು ಜಗಲಿಯಲ್ಲಿ ಕಾಯುತ್ತಿದ್ದರು. ಅಣ್ಣನ ದೇಹ ಯಾವಾಗ ಕೊಡುತ್ತಾರೆ ಎಂದು ಕೇಳಲು ಬಂದಿದ್ದರು. ಕಣ್ಣು ಊದಿಕೊಂಡಿತ್ತು. ನನಗೆ ಸಂಕಟವಾಯಿತು. ಒಳಗೆ ಹೋಗಿ ಕಾಫಿ ಮಾಡಿ, ಗಾಜಿನ ಲೋಟದಲ್ಲಿ ತಂದುಕೊಟ್ಟೆ.

ಅವರು ಹೇಳಿದ್ದು ಇಷ್ಟು. ಎಂಟು ಗಂಟೆಗೆ ಜೀಪಣ್ಣ ಇಬ್ಬರನ್ನೂ ನೆತ್ತಿಗೆ ಬಿಟ್ಟು ಕೆಳಗೆ ಹೋದ. ಇವರೊಬ್ಬರೇ ಒಂಬತ್ತಕ್ಕೆ ಕಾಲುದಾರಿಯಲ್ಲಿ ಇಳಿದು ಬಯಲಿಗೆ ಬಂದರು. ಅಲ್ಲಿ ಹನ್ನೆರಡು ಜನ ವಿದ್ಯಾರ್ಥಿಗಳಿದ್ದರು. ಮಧ್ಯಾಹ್ನದವರೆಗೆ ಅವರ ಜೊತೆಗೇ ಇದ್ದರು.

“ನೀವು ಹೊರಡೋವಾಗ ಅಣ್ಣ ರೆಕ್ಕೆ ಬಿಚ್ಚಿದ್ರಾ?” ಎಂದು ಕೇಳಿದರು ಅತ್ತಿಗೆ.

“ಇಲ್ಲ, ಮಡಚಿ ಚೀಲದಲ್ಲೇ ಇತ್ತು. ಶೆಡ್ಡಿನ ಬಾಗಿಲಲ್ಲಿ ಕೂತು ಗಾಳಿ ಕಾಯ್ತಿದ್ದ.”

“ಕೊಕ್ಕೆ ನೀವೇನಾದ್ರೂ ಸರಿಯಾಗಿದೆಯಾ ನೋಡಿದ್ರಾ?”

“ರೆಕ್ಕೆನೇ ಬಿಚ್ಚಿಲ್ಲ, ಕೊಕ್ಕೆ ಎಲ್ಲಿಂದ ನೋಡ್ಲಿ? ಜೋಲಿ ಗೂಟದ ಮೇಲಿತ್ತು. ನಾನು ಮುಟ್ಟೇ ಇಲ್ಲ.”

ಅವರು ಹೋದ ಮೇಲೆ ಲೋಟ ತೊಳೆಯಲು ಕೈ ಚಾಚಿದೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದು, “ಇರಲಿ ಕಣೇ,” ಎಂದರು. ಆಮೇಲೆ ಲೋಟವನ್ನು ತಮ್ಮ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡರು. ಆ ಕಾಫಿಯನ್ನು ನಾನು ನಿಜವಾದ ಕನಿಕರದಿಂದ ಕೊಟ್ಟದ್ದು.

ನಾಲ್ಕು ಗಂಟೆಗೆ ದರ್ಜಿಯಮ್ಮನ ಅಂಗಡಿಯಲ್ಲಿ ಸೇರಿದೆವು. ಕೋಣೆಯ ಉದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಅದರ ಮೇಲೆ ಅರ್ಧ ಹೊಲಿದ ಬಿಳಿ ರೆಕ್ಕೆ. ದರ್ಜಿಯಮ್ಮ ಹೊಲಿಗೆ ಯಂತ್ರದ ಹಿಂದೆ ಕೂತಿದ್ದಳು. ಎದುರು ಬೆಂಚಿನಲ್ಲಿ ಚಿಕ್ಕ ಮೇಷ್ಟ್ರು, ಬಾಗಿಲ ಹತ್ತಿರ ಜೀಪಣ್ಣ. ಇನ್ಸ್‌ಪೆಕ್ಟರು ಫೈಲು ಹಿಡಿದು ನಿಂತಿದ್ದರು. ನಾನು ಅತ್ತಿಗೆಯ ಪಕ್ಕದ ಸ್ಟೂಲಿನ ಮೇಲೆ.

ಅತ್ತಿಗೆ ಹೆಲ್ಮೆಟ್ಟಿನಿಂದ ಶುರುಮಾಡಿದರು. ತಲೆ ಮೂರು ಕಡೆ ಒಡೆದಿದೆ, ತಲೆಯ ಮೇಲಿದ್ದ ಹೆಲ್ಮೆಟ್ಟಿಗೆ ಒಂದು ಗೀರಿಲ್ಲ. ಅಂದರೆ ಪೆಟ್ಟು ಬಿದ್ದಾಗ ಹೆಲ್ಮೆಟ್ ಇರಲಿಲ್ಲ, ಆಮೇಲೆ ತೊಡಿಸಿದ್ದು. ಹೊಡೆದದ್ದು ಶೆಡ್ಡಿನಲ್ಲಿ, ತೊಳೆದಿಟ್ಟ ಆ ಕೊಳವೆಯಿಂದ. ಬೆನ್ನು ತಿರುಗಿಸಿ ನಿಂತವರಿಗೆ ಹಿಂದಿನಿಂದ ಮೊದಲ ಪೆಟ್ಟು, ಬಿದ್ದ ಮೇಲೆ ಎರಡು. ಆಮೇಲೆ ಹೆಣಕ್ಕೆ ಜೋಲಿ ಹಾಕಿ, ರೆಕ್ಕೆಗೆ ಸಿಕ್ಕಿಸಿ, ಹಲಗೆಯಿಂದ ಕೆಳಗೆ ನೂಕಿದರು. ಓಡಿ ಹಾರಿದ ರೆಕ್ಕೆ ಹೊಲಿಗೆ ಬಿಚ್ಚಿದರೂ ಇಪ್ಪತ್ತು ಮೂವತ್ತು ಮಾರು ಮುಂದೆ ಹೋಗಿ ಬೀಳುತ್ತದೆ. ಇದು ಹಲಗೆಯ ಬುಡದಲ್ಲೇ ಬಿದ್ದಿದೆ.

ಕೊಂದವರು ಪೂರ್ವದ ಹಲಗೆಯನ್ನೇ ಆರಿಸಿದ್ದು ಶೆಡ್ಡು ಪಕ್ಕದಲ್ಲಿತ್ತು ಎಂದು. ಹೆಣ ಕಟ್ಟಿದ ರೆಕ್ಕೆಯನ್ನು ಮುನ್ನೂರು ಹೆಜ್ಜೆ ಎಳೆಯಲಾಗುವುದಿಲ್ಲ. ಆಗ ಗಾಳಿಯೇ ಇರಲಿಲ್ಲ. ವಾರದಿಂದ ಬಂದ ಹಾಗೆ ಪೂರ್ವದ ಗಾಳಿ ಬರುತ್ತದೆ, ಆ ಗಾಳಿಯಲ್ಲಿ ಹಾರಿ ಸತ್ತರು ಎಂದುಕೊಳ್ಳುತ್ತಾರೆ ಎಂಬ ಲೆಕ್ಕ. ಆದರೆ ಆವತ್ತು ಗಾಳಿ ಎದ್ದದ್ದೇ ಪಶ್ಚಿಮದಿಂದ.

“ನಮ್ಮನೆ ಎರಡು ಹೊದಿಕೆ ಅದಕ್ಕೆ ಸಾಕ್ಷಿ,” ಎಂದರು ಅತ್ತಿಗೆ. “ಚಿಕ್ಕ ಮೇಷ್ಟ್ರು ಒಂಬತ್ತಕ್ಕೆ ಇಳಿದಾಗ ರೆಕ್ಕೆ ಚೀಲದಲ್ಲಿತ್ತಂತೆ. ಬಿಚ್ಚಿ ಕಟ್ಟೋಕೆ ಅರ್ಧ ಗಂಟೆ ಬೇಕು. ಅಷ್ಟೊತ್ತಿಗೆ ಗಾಳಿ ಬೆನ್ನಿಗೆ. ಇಪ್ಪತ್ತು ವರ್ಷ ಹಾರಿದ ಮನುಷ್ಯ ಬೆನ್ನುಗಾಳಿಗೆ ಓಡ್ತಾನಾ?”

“ಅದು ಯಾರು ಬೇಕಾದ್ರೂ ಮಾಡಿರಬಹುದಲ್ಲ ಅತ್ತಿಗೆಯವರೇ,” ಎಂದರು ಇನ್ಸ್‌ಪೆಕ್ಟರು. “ಇವಳೂ ಮಾಡಬಹುದು, ಜೀಪಿನವನೂ ಮಾಡಬಹುದು.”

“ಮಾಡಬಹುದು. ಆದ್ರೆ ಹೆಣದ ಕೊಕ್ಕೆಗೆ ಟೇಪು ಸುತ್ತೋ ಬುದ್ಧಿ ಅವರಿಗೆ ಬರಲ್ಲ ಕಣಪ್ಪ.”

ಅವರು ಮಾತ್ರೆಯ ಡಬ್ಬಿ ತೆರೆದು ಮೇಜಿನ ಮೇಲಿಟ್ಟರು. ಕೊಕ್ಕೆ ಇರುವುದು ಬೆನ್ನ ಹಿಂದೆ. ಸಿಕ್ಕಿಸಿಕೊಳ್ಳಬಹುದು, ಎರಡು ಸುತ್ತು ಟೇಪು ಸುತ್ತಿ ತುದಿ ಮಡಚಿ ಒತ್ತಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. ದೊಡ್ಡ ಮೇಷ್ಟ್ರು ಯಾರಿಂದಲೂ ಸುತ್ತಿಸಿಕೊಳ್ಳುತ್ತಲೂ ಇರಲಿಲ್ಲ. ಈ ಊರಿನಲ್ಲಿ ಕೊಕ್ಕೆಗೆ ಕೆಂಪು ಟೇಪು ಸುತ್ತುವ ಕೈ ಒಂದೇ. ವರ್ಷದಿಂದ ಆ ಕೈ ತಿರುಪು ಬಿಗಿದ ಕೂಡಲೇ ತಾನಾಗಿ ಟೇಪಿಗೆ ಹೋಗುತ್ತಿತ್ತು. ಅಣ್ಣನ ಹೆಣ ಬೋರಲು ಬಿದ್ದು, ತಲೆಯ ರಕ್ತ ನೆಲಕ್ಕೆ ಹರಿಯುತ್ತಿದ್ದಾಗಲೂ ಹೋಯಿತು.

“ಒಳಗೆ ಮಡಚಿದ ತುದಿಯ ಅಂಟಿನ ಮೇಲೆ ಬಲಗೈ ಹೆಬ್ಬೆರಳು ಅಚ್ಚಾಗಿ ಬಿದ್ದಿದೆ. ಮಧ್ಯಾಹ್ನ ನನ್ನ ನಾದಿನಿ ಕೊಟ್ಟ ಕಾಫಿ ಲೋಟದ ಮೇಲೂ ಅದೇ ಇದೆ. ಬಿಚ್ಚದ ರೆಕ್ಕೆ, ಮುಟ್ಟದ ಕೊಕ್ಕೆ ಅಂದ್ರಲ್ಲ ಮೇಷ್ಟ್ರೇ.”

ಚಿಕ್ಕ ಮೇಷ್ಟ್ರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. “ಅವನನ್ನ ಕೊಂದು ನಂಗೇನು ಸಿಗತ್ತೆ? ನನ್ನ ಅಣ್ಣ ಅವನು,” ಎಂದರು, ಮೆಲ್ಲಗೆ.

ಅತ್ತಿಗೆ ಫೈಲಿನ ಒಂದು ಹಾಳೆಯನ್ನು ಇನ್ಸ್‌ಪೆಕ್ಟರಿಂದ ಓದಿಸಿದರು. ಸತ್ತ ಹುಡುಗಿಯ ಮೈಮೇಲಿದ್ದ ವಸ್ತುಗಳ ಪಟ್ಟಿ. ಐದನೆಯ ಸಾಲಿನಲ್ಲಿ, ಜೋಲಿಯ ಕೊಕ್ಕೆ, ಬಾಯಿ ಮುಚ್ಚಿದೆ, ತಿರುಪು ಪೂರ್ತಿ ಬಿಗಿದಿದೆ ಎಂದಿತ್ತು. ಕೆಳಗೆ ಸಾಕ್ಷಿಯಾಗಿ ದೊಡ್ಡ ಮೇಷ್ಟ್ರ ಸಹಿ. ವರ್ಷದಿಂದ ಆ ಸಾಲನ್ನು ಓದಿ ಅರ್ಥಮಾಡಿಕೊಂಡವರು ಅವರೊಬ್ಬರೇ.

“ಹೆದರಿ ಬಿಚ್ಚಿಕೊಂಡೋಳು ಬೀಳ್ತಾ ಬೀಳ್ತಾ ತಿರುಪು ಬಿಗೀತಾಳಾ?” ಎಂದರು ಅತ್ತಿಗೆ. ಹುಡುಗಿ ಸತ್ತ ದಿನವೂ ಗಾಳಿ ತಿರುಗಿತ್ತು, ಅದೂ ಫೈಲಿನಲ್ಲೇ ಇತ್ತು. ಚಿಕ್ಕ ಮೇಷ್ಟ್ರು ಮೊದಲು ಪೂರ್ವದ ಹಲಗೆಯಲ್ಲಿ ಹುಡುಗಿಯ ಕೊಕ್ಕೆಯನ್ನು ರೆಕ್ಕೆಗೆ ಸಿಕ್ಕಿಸಿದ್ದರು. ಗಾಳಿ ತಿರುಗಿತೆಂದು ಬಿಡಿಸಿ ಪಶ್ಚಿಮಕ್ಕೆ ನಡೆಸಿದರು. ನಡೆಯುವಾಗ ಬೆನ್ನಿಗೆ ಬಡಿಯದಿರಲೆಂದು ಖಾಲಿ ಕೊಕ್ಕೆಯನ್ನೇ ಮುಚ್ಚಿ ತಿರುಪು ಬಿಗಿದರು. ಅಲ್ಲಿ ಹೋದಮೇಲೆ ಕಣ್ಣಿಗೆ ಬಿಗಿದ ತಿರುಪು ಕಂಡಿತು, ಸಿಕ್ಕಿಸಿದ್ದೇನೆ ಎಂದುಕೊಂಡು ಓಡಿದರು. ಹಾರುವವರಿಗೆ ಮಾತ್ರ ಆಗಬಹುದಾದ ತಪ್ಪು. ತಪ್ಪು ಅಂತ ಅವತ್ತೇ ಹೇಳಿದ್ದರೆ ತಪ್ಪಾಗಿಯೇ ಉಳಿಯುತ್ತಿತ್ತು. ತಮ್ಮನಿಗಾಗಿ ವರ್ಷ ಬಾಯಿ ಮುಚ್ಚಿಕೊಂಡಿದ್ದ ಅಣ್ಣ ನಿನ್ನೆ ಬೆಳಿಗ್ಗೆ, ಇನ್ನು ಆಗಲ್ಲ, ಇವತ್ತು ಆ ತಾಯಿಗೆ ಹೇಳಿಬಿಡ್ತೀನಿ ಎಂದಿರಬೇಕು. ಅದನ್ನು ತಡೆಯಲು ತಮ್ಮ ಅವರನ್ನು ಕೊಂದು, ಕೊಲೆಯನ್ನು ಆ ತಾಯಿಯ ಹೊಲಿಗೆಯ ಮೇಲೇ ಹೊರಿಸಿಬಿಡೋಣವೆಂದು ಬ್ಲೇಡು ಹಾಕಿದರು.

ಅಲ್ಲಿಂದಾಚೆ ಆದದ್ದು ಕಣ್ಣು ಮಿಟುಕಿಸುವುದರಲ್ಲಿ. ಮೇಜಿನ ಮೇಲೆ ಬಟ್ಟೆ ಕತ್ತರಿಸುವ ಮೊಳದುದ್ದದ ಕತ್ತರಿ ಇತ್ತು. ಚಿಕ್ಕ ಮೇಷ್ಟ್ರು ಅದನ್ನು ಕಿತ್ತುಕೊಂಡು ಅತ್ತಿಗೆಯ ಕುತ್ತಿಗೆಗೆ ಬೀಸಿದರು. ಇನ್ಸ್‌ಪೆಕ್ಟರು ನಡುವೆ ಕೈ ಒಡ್ಡಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಮಾಂಸ ಬಾಯಿ ಬಿಟ್ಟು, ಬಿಳಿ ರೆಕ್ಕೆಯ ಮೇಲೆ ರಕ್ತ ಚಿಮ್ಮಿತು. ಎರಡನೆಯ ಸಲ ಎತ್ತಿದ ಕತ್ತರಿ ಇಳಿಯುವ ಮೊದಲೇ ಜೀಪಣ್ಣ ಬಟ್ಟೆ ಸುತ್ತುವ ಕಬ್ಬಿಣದ ಸರಳಿನಿಂದ ಚಿಕ್ಕ ಮೇಷ್ಟ್ರ ಮೊಣಕಾಲಿಗೆ ಹೊಡೆದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನೆಲಕ್ಕೆ ಬಿದ್ದವರ ಎದೆಯ ಮೇಲೆ ಕೂತು ಜೀಪಣ್ಣ ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ. ಅತ್ತಿಗೆ ಸಾಕು ಎಂದ ಮೇಲೂ ಎರಡು ಗುದ್ದು ಬಿತ್ತು.

ನಾನು ಕತ್ತರಿಯನ್ನು ಕಾಲಿನಿಂದ ಮೂಲೆಗೆ ತಳ್ಳಿ, ಇನ್ಸ್‌ಪೆಕ್ಟರ ಕೈ ಹಿಡಿದುಕೊಂಡೆ. ದರ್ಜಿಯಮ್ಮ ಒಳ್ಳೆಯ ಬಟ್ಟೆಯನ್ನೇ ಉದ್ದಕ್ಕೆ ಹರಿದು ಕೊಟ್ಟಳು, ಬಿಗಿಯಾಗಿ ಕಟ್ಟಿ ಎಂದಳು. ತನ್ನನ್ನು ಹಿಡಿದೊಯ್ಯಲು ಬಂದಿದ್ದವರ ಕೈ ಅದು. ಕಟ್ಟು ಮುಗಿದ ಮೇಲೆ ಅವಳು ಯಂತ್ರದ ಹಿಂದಿನಿಂದ ಎದ್ದು ಬಂದು, ಬಿದ್ದಿದ್ದ ಮನುಷ್ಯನ ತಲೆಯ ಹತ್ತಿರ ನೆಲದಲ್ಲೇ ಕೂತಳು. ಜೀಪಣ್ಣ ಪಕ್ಕಕ್ಕೆ ಸರಿದ.

“ಅವಳಿಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದಳು.

“ಹಲಗೆ ಬಿಟ್ಟ ತಕ್ಷಣ.” ಅವರ ಬಾಯಿಯಲ್ಲಿ ರಕ್ತವಿತ್ತು. “ನನ್ನ ಕಾಲು ತಬ್ಬಿ ಹಿಡ್ಕೊಂಡ್ಲು. ನಾನು ಒಂದು ಕೈಯಲ್ಲಿ ಅವಳ ಬೆಲ್ಟು ಹಿಡಿದಿದ್ದೆ. ಇಳಿಸೋಣ ಅಂದ್ರೆ ಕೆಳಗೆಲ್ಲ ಮರ, ಗಾಳಿ ಮೇಲಕ್ಕೆ ತಳ್ತಾ ಇತ್ತು.”

“ಆಮೇಲೆ?”

“ಭಾರಕ್ಕೆ ರೆಕ್ಕೆ ತಿರುಗೋಕೆ ಶುರುವಾಯ್ತು. ಇಬ್ಬರೂ ಸಾಯ್ತೀವಿ ಅಂತ... ನಾನು ಕೈ ಬಿಟ್ಟೆ. ಆದ್ರೂ ಅವಳು ಬಿಡಲಿಲ್ಲ. ಕಾಲು ಒದರಿದೆ.”

ಅತ್ತಿಗೆ ಕಣ್ಣು ಮುಚ್ಚಿಕೊಂಡರು. ದರ್ಜಿಯಮ್ಮ ಮಾತ್ರ ಹಾಗೇ ಕೂತಿದ್ದಳು.

“ಎಷ್ಟು ಹೊತ್ತು ಹಿಡ್ಕೊಂಡಿದ್ಲು?”

“ನಾಲ್ಕು ನಿಮಿಷ. ನಾಲ್ಕರ ಮೇಲೇ ಇರಬೇಕು.”

ಇನ್ಸ್‌ಪೆಕ್ಟರು ಎಡಗೈಯಲ್ಲಿ ಪೆನ್ನು ಹಿಡಿದು ಕಷ್ಟಪಟ್ಟು ಹೇಳಿಕೆ ಬರೆದುಕೊಳ್ಳುತ್ತಿದ್ದರು. ದರ್ಜಿಯಮ್ಮ ಎದ್ದು ಅವರ ಬಳಿಗೆ ಹೋದಳು. ವರ್ಷದಿಂದ ಊರೆಲ್ಲ ಅವಳ ಮಗಳನ್ನು ಪುಕ್ಕಲಿ ಎಂದಿತ್ತು, ಪಾಪ ಎನ್ನುತ್ತಲೇ ಎಂದಿತ್ತು. ನಾನೂ ಒಂದೆರಡು ಸಲ ಅಂದಿದ್ದೆ.

“ನಾಲ್ಕು ನಿಮಿಷ ಅನ್ನೋದು ಬರೆದ್ರಾ?”

“ಬರೀತೀನಿ ಅಮ್ಮ.”

“ಈಗಲೇ ಬರೀರಿ. ಬರೆದು ಓದಿ.”

ಇನ್ಸ್‌ಪೆಕ್ಟರು ಬರೆದರು. ಎಡಗೈಯ ಅಕ್ಷರ ಸೊಟ್ಟಸೊಟ್ಟ ಬಂತು, ಒಂದು ಸಲ ಹೊಡೆದುಹಾಕಿ ಮತ್ತೆ ಬರೆದರು. ಆಮೇಲೆ ಎದ್ದು ನಿಂತು, ಹುಡುಗಿ ಕೊಕ್ಕೆಯಿಲ್ಲದೆ ತನ್ನ ಎರಡು ಕೈಗಳ ಬಲದಿಂದ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಹಿಡಿದುಕೊಂಡಿದ್ದಳು ಎಂದು ಎಲ್ಲರಿಗೂ ಕೇಳುವಂತೆ ಓದಿದರು. ದರ್ಜಿಯಮ್ಮ ಆ ಸಾಲಿನ ಮೇಲೆ ಬೆರಳಿಟ್ಟು, ಇನ್ನೊಂದು ಸಲ ಓದಿ ಎಂದಳು. ಅವರು ಓದಿದರು.